ಅಳಿವೆಯ ಬಾಸ್ ಮೀನಿಗೆ ಯಾವ ದಾರ: ನೈಲಾನ್, ಫ್ಲೋರೋಕಾರ್ಬನ್, ಬ್ರೇಡ್?

ಉಬ್ಬರ ಇಳಿತವಿರುವ ಉಪ್ಪುಮಿಶ್ರಿತ ನೀರಿನಲ್ಲಿ ಗಾಳದ ದಾರ ಆರಿಸುವಾಗ ಮೊದಲು ನೋಡಬೇಕಾದ್ದು ಸವೆತ. ಅಲ್ಲಿನ ಕಂಬಗಳಿಗೆ ಚಿಪ್ಪು ಕಚ್ಚಿಕೊಂಡಿರುತ್ತದೆ. ಬ್ರೇಡ್, ಅಂದರೆ ಸಣ್ಣ ಎಳೆಗಳನ್ನು ಹೆಣೆದ ದಾರ, ಎಳೆತಕ್ಕೆ ಗಟ್ಟಿ, ಆದರೆ ಬಿಗಿಯಾಗಿದ್ದಾಗ ಚಿಪ್ಪಿನ ಅಂಚು ತಾಗಿದರೆ ಪಟ್ಟನೆ ಕಡಿದುಹೋಗುತ್ತದೆ. ಒಂದೇ ಎಳೆಯ ಪ್ಲಾಸ್ಟಿಕ್ ದಾರವಾದ ಫ್ಲೋರೋಕಾರ್ಬನ್ ಉಜ್ಜಾಟವನ್ನು ಚೆನ್ನಾಗಿ ತಡೆಯುತ್ತದೆ, ತಿಳಿನೀರಲ್ಲಿ ಕಾಣುವುದೂ ಕಡಿಮೆ. ಕಂಬ, ಕಲ್ಲು ಜಾಸ್ತಿ ಇದ್ದರೆ ನಾನು ಅದನ್ನೇ ಹಿಡಿಯುತ್ತೇನೆ.

ಜೊಂಡಿನ ನಡುವೆ ಲೆಕ್ಕ ಬೇರೆ. ಅಲ್ಲಿ ಮೀನನ್ನು ತಡಮಾಡದೆ ಎಳೆದುಕೊಳ್ಳಬೇಕು, ಹಿಗ್ಗದ ಬ್ರೇಡ್ ಅದಕ್ಕೆ ಸರಿ. ಅದು ತೇಲುವುದರಿಂದ ನೀರ ಮೇಲೆ ಓಡಿಸುವ ಲೂರ್‌ಗೂ (ಮೀನನ್ನು ಸೆಳೆಯುವ ಕೃತಕ ಆಮಿಷ) ಒಳ್ಳೆಯದು. ಫ್ಲೋರೋಕಾರ್ಬನ್ ಮುಳುಗುತ್ತದೆ, ಲೂರಿನ ಮೂತಿಯನ್ನು ಕೆಳಗೆಳೆಯುತ್ತದೆ.

ನೈಲಾನ್ ಅಗ್ಗ, ಗಂಟು ಹಾಕೋದೂ ಸುಲಭ. ನೀರು ಹೀರುತ್ತದೆ, ಬಿಸಿಲಿಗೆ ಬೇಗ ಹಾಳಾಗುತ್ತದೆ, ಆಗಾಗ ಬದಲಿಸಬೇಕು. ಆದರೆ ಕ್ರ್ಯಾಂಕ್‌ಬೇಟ್‌ಗೆ (ಎಳೆದಾಗ ಓಲಾಡುತ್ತ ಮುಳುಗುವ ಗಟ್ಟಿ ಲೂರ್) ಅದರ ಹಿಗ್ಗುವ ಗುಣವೇ ಲಾಭ: ಮೀನು ತಲೆ ಕೊಡವಿದರೂ ಸಣ್ಣ ಕೊಕ್ಕೆ ಬಾಯಿಂದ ಸುಲಭವಾಗಿ ಕಿತ್ತುಬರುವುದಿಲ್ಲ. ಹೊಸಬರಿಗೂ ಇದೇ ಸಾಕು.

ಒಂದೇ ರೀಲು ಇದ್ದರೆ? ಬ್ರೇಡ್ ಸುತ್ತಿ, ತುದಿಗೆ ನಿಮ್ಮ ಎತ್ತರದಷ್ಟು ಫ್ಲೋರೋಕಾರ್ಬನ್ ಕಟ್ಟಿ. ತುದಿಯ ದಾರವನ್ನು ಆಗಾಗ ಬೆರಳ ನಡುವೆ ಎಳೆದು ನೋಡಿ, ಒರಟಾಗಿದ್ದರೆ ಅಷ್ಟು ಕತ್ತರಿಸಿ ಮತ್ತೆ ಕಟ್ಟಿ. ಯಾವ ದಾರವಾದರೂ ಮನೆಗೆ ಬಂದ ಕೂಡಲೇ ರೀಲನ್ನು ಸಿಹಿನೀರಲ್ಲಿ ಮೆಲ್ಲಗೆ ತೊಳೆಯಿರಿ.