ಹಂದಿಗೆ 'ತೂಕದ ಪುಡಿ' ಹಾಕಿ ಮಾನ ಕಳೆದುಕೊಂಡೆ, ನೀವು ಹಾಕಬೇಡಿ

ಬರೆಯೋಕೆ ನಾಚಿಕೆಯಾಗುತ್ತದೆ. ಆದರೂ ಹಂದಿ ಸಾಕುವವರು ಓದಿ. ಆ ಪುಡಿ ಮಾರಿದ ಮನುಷ್ಯ ಕೊಡಗಿನ ಗೋಣಿಕೊಪ್ಪ, ವಿರಾಜಪೇಟೆ ಕಡೆ ಇನ್ನೂ ಓಡಾಡುತ್ತಿದ್ದಾನೆ.

ಜುಲೈ ಕೊನೆಯ ಜೋರು ಮಳೆಯಲ್ಲಿ ಬೈಕಿನಲ್ಲಿ ಬಂದ. ನನ್ನ ಹತ್ತಿರ ಆರು ಯಾರ್ಕ್‌ಶೈರ್ ಹಂದಿಗಳಿದ್ದವು. ಸೆಪ್ಟೆಂಬರ್ 3ರ ಕೈಲ್ ಪೊಳ್ದ್‌ಗೆ (ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ) ನಾಲ್ಕು ಕಡಿಯುವ ಲೆಕ್ಕ. "ಅಣ್ಣಾ, ತವುಡು, ಜೋಳದಲ್ಲಿ ಏನು ಬರುತ್ತೆ? ಕೊನೇ ತಿಂಗಳು ಇದನ್ನ ಹಾಕಿ. ಕೊಬ್ಬು ಕಮ್ಮಿ, ಮಾಂಸ ಜಾಸ್ತಿ, ರುಚಿನೇ ಬೇರೆ" ಅಂದ. ಎರಡು ಚೀಲಕ್ಕೆ 5,600 ರೂಪಾಯಿ. ಬಿಲ್ ಕೇಳಿದರೆ "ವಾಟ್ಸಾಪ್ ಮಾಡ್ತೀನಿ ಅಣ್ಣಾ". ಚೀಲದ ಮೇಲೆ ದಪ್ಪ ಹಂದಿಯ ಚಿತ್ರ ಬಿಟ್ಟರೆ ಒಳಗೆ ಏನಿದೆ ಅಂತ ಒಂದಕ್ಷರ ಇಲ್ಲ. ಅದನ್ನು ನೋಡಿಯೂ ದುಡ್ಡು ಕೊಟ್ಟೆ. ನೋಡಿಯೂ!

ಹಂದಿಗಳು ಚೆನ್ನಾಗಿ ತಿಂದವು, ಮೈಯೂ ಬಂತು, ಸುಳ್ಳು ಹೇಳಲ್ಲ. ಮನೆ ಬೆಕ್ಕು ಮಾತ್ರ ಆ ಚೀಲ ಬಿಟ್ಟು ಕದಲುತ್ತಿರಲಿಲ್ಲ. ಇಲಿ ಕಾಯುತ್ತಿದೆ ಅಂದುಕೊಂಡೆ.

ಕಡಿದಾಗಲೇ ಅನುಮಾನ ಬರಬೇಕಿತ್ತು. ಬೆನ್ನಿನ ಕೊಬ್ಬು ಬೆಳ್ಳಗೆ, ಗಟ್ಟಿ ಇರಬೇಕು ಅಲ್ವಾ? ಇದು ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೂ ಮೆತ್ತಗೆ. ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ನಿಂತಿತು, ಬೆರಳೆಲ್ಲ ಎಣ್ಣೆ. ಹಬ್ಬದ ಗಡಿಬಿಡಿ, ಬಿಟ್ಟುಬಿಟ್ಟೆ.

ಹಬ್ಬದೂಟ ಮಾವನ ಮನೆಯಲ್ಲಿ. ಮಾಂಸ ನಾನೇ ಜಂಬದಿಂದ ಕೊಟ್ಟದ್ದು. ಅತ್ತೆ ಕಾಚಂಪುಳಿ (ಹಣ್ಣಿನಿಂದ ಮಾಡುವ ನಮ್ಮ ಕಪ್ಪು ಹುಳಿ) ಹಾಕಿ ಕಪ್ಪಗೆ ಪಂದಿ ಕರಿ ಮಾಡಿದ್ದರು, ಜೊತೆಗೆ ಬಿಸಿ ಕಡಂಬಿಟ್ಟು, ಅಂದರೆ ಅಕ್ಕಿ ಉಂಡೆ. ಮಾವ ಮೊದಲ ತುಂಡು ಬಾಯಿಗಿಟ್ಟವರು ಅಗಿಯುವುದನ್ನೇ ನಿಲ್ಲಿಸಿದರು. "ಮತ್ತಿ ಮೀನು ಮಾಡಿದ ಪಾತ್ರೆಯಲ್ಲೇ ಇದನ್ನೂ ಮಾಡಿದ್ಯಾ?" ಅಂತ ಅತ್ತೆಯನ್ನು ಕೇಳಿದರು. ಪಾಪ ಅತ್ತೆ! ನಾನೂ ಬಾಯಿಗಿಟ್ಟೆ. ಮೀನೇ. ಅಷ್ಟು ಹುಳಿ, ಅಷ್ಟು ಕರಿಮೆಣಸು ಬಿದ್ದರೂ ಮೀನೇ. ಹದಿನೈದು ಜನರ ಎದುರು ತಲೆ ಎತ್ತಲಾಗಲಿಲ್ಲ. ಸಂಜೆಯಿಂದ ಮಾಂಸ ಒಯ್ದವರ ಫೋನ್ ಶುರು.

ಅವನಿಗೆ ಫೋನ್ ಮಾಡಿದೆ. "ಕಾಚಂಪುಳಿ ಹಳೇದಿರಬೇಕು ಸಾರ್." (ಅಣ್ಣ ಹೋಗಿ ಸಾರ್ ಆಗಿದ್ದೆ.) ವರ್ಷಗಟ್ಟಲೆ ಇಟ್ಟರೂ ಕೆಡದ ಕಾಚಂಪುಳಿ ಬಗ್ಗೆ ಕೊಡಗಿನವನಿಗೆ ಹೇಳುವ ಮಾತಾ ಇದು? ಮಾರನೇ ದಿನ, "ಹೋಟೆಲ್ ವೇಸ್ಟ್ ಹಾಕಿರ್ತೀರಿ". ನಾನು ಹಾಕೋದೇ ಇಲ್ಲ. ರುಚಿ ಬೇರೆ ಅಂದಿದ್ದೆಯಲ್ಲ ಅಂದರೆ, "ಬೇರೆ ಆಯ್ತಲ್ಲ ಸಾರ್" ಅಂದ! ಆಮೇಲೆ ಫೋನೇ ಎತ್ತಲಿಲ್ಲ.

ಉಳಿದ ಪುಡಿಯನ್ನು ಬಿಸಿನೀರಿಗೆ ಹಾಕಿ ನೋಡಿದೆ. ಮೇಲಿನ ಬೆಲ್ಲದ ಘಮ ಹೋಗಿ ಒಣಮೀನಿನ ವಾಸನೆ ಎದ್ದಿತು. ಪಶುವೈದ್ಯರು ಮೂಸಿ, ಎಣ್ಣೆಯಂಶ ಇರುವ ಮೀನಿನ ಪುಡಿಯೇ ಇರಬೇಕು ಅಂದರು. ದನದ ಹಾಗೆ ನಾಲ್ಕು ಕೋಣೆಯ ಹೊಟ್ಟೆಯಲ್ಲ, ಹಂದಿಯದು ಒಂದೇ ಕೋಣೆ. ತಿಂದ ಎಣ್ಣೆ ಹೆಚ್ಚು ಬದಲಾಗದೆ ಕೊಬ್ಬಿಗೆ ಸೇರುತ್ತದೆ. ಮೀನಿನೆಣ್ಣೆ ಸೇರಿದರೆ ಕೊಬ್ಬು ಮೆತ್ತಗಾಗುತ್ತದೆ, ಬೇಗ ಕಮಟುತ್ತದೆ. ಮೀನಿನ ಪುಡಿ ಮರಿಗಳಿಗೆ ಒಳ್ಳೆಯದೇ ಅಂತೆ, ಆದರೆ ಕಡಿಯುವುದಕ್ಕೆ ಒಂದು ತಿಂಗಳಾದರೂ ಮೊದಲು ನಿಲ್ಲಿಸಬೇಕು. ನಾನು ಸರಿಯಾಗಿ ಆ ಕೊನೇ ತಿಂಗಳೇ ಹಾಕಿದ್ದೆ, ದುಡ್ಡು ಕೊಟ್ಟು!

ಚೀಲದ ಮೇಲೆ ಏನಿದೆ ಅಂತ ಬರೆದಿಲ್ಲವಾ, ಗೇಟಿನಿಂದಲೇ ಕಳಿಸಿ. ಬಿಲ್ ಇಲ್ಲವಾ, ನಾಯಿ ಬಿಡಿ.

ಉಳಿದ ಎರಡು ಹಂದಿಗೆ ಈಗ ತವುಡು, ಜೋಳ, ಸೋಯಾ ಹಿಂಡಿ ಮಾತ್ರ. ಪುತ್ತರಿಗೆ (ನಮ್ಮ ಸುಗ್ಗಿ ಹಬ್ಬ) ಮಾಂಸ ಕೊಡಲಾ ಅಂತ ಮಾವನನ್ನು ಕೇಳಿದೆ. "ನಿನ್ನ ಬೆಕ್ಕನ್ನ ಕೇಳಿ ಹೇಳ್ತೇನೆ" ಅಂದರು.