ಪಿಟಿಒ ಶಾಫ್ಟ್ ಕವರ್: ಮೂರನೇ ವರ್ಷದ ಬಳಕೆಯಲ್ಲಿ

ಟ್ರ್ಯಾಕ್ಟರ್ ಇಂಜಿನ್ನಿನ ಶಕ್ತಿಯನ್ನು ಹಿಂದಿನ ಮಿಷನ್ನಿಗೆ ಮುಟ್ಟಿಸುವ, ತಿರುಗುವ ದಂಡವೇ ಪಿಟಿಒ ಶಾಫ್ಟ್. ಮಣ್ಣು ಹದ ಮಾಡುವ ರೋಟವೇಟರ್ ಜೊತೆ ಬಂದಿದ್ದ ಅದರ ಕವರ್ ಬಿರುಕು ಬಿಟ್ಟಾಗ, ಪ್ಲಾಸ್ಟಿಕ್ಕಿನ ಹೊಸ ಕವರ್ ತಂದು ಹಾಕಿಸಿದೆ. ಮೆಕ್ಕೆಜೋಳ ಒಕ್ಕುವ ಮಿಷನ್ನಿನ ಶಾಫ್ಟಿಗೂ ಅಂಥದ್ದೇ ಹಾಕಿಸಿದೆ. ಈಗ ಮೂರನೇ ವರ್ಷ.

ಒಕ್ಕಣೆ ಹೊತ್ತಿನಲ್ಲೇ ನನಗೆ ಇದರ ಬೆಲೆ ಗೊತ್ತಾಗುವುದು. ರೋಟವೇಟರ್ ಓಡುವಾಗ ಹತ್ತಿರ ಯಾರೂ ಇರುವುದಿಲ್ಲ. ಒಕ್ಕಣೆಯಲ್ಲಿ ಹಾಗಲ್ಲ, ತೆನೆ ಹಾಕುವವರು, ಚೀಲ ಹಿಡಿಯುವವರು ಎಲ್ಲರೂ ಸುತ್ತಮುತ್ತಲೇ ಓಡಾಡುತ್ತಾರೆ. ಪಿಟಿಒ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಸೆರಗೋ ಟವೆಲ್ಲೋ ಸಿಕ್ಕಿದರೆ ಬಿಡಿಸಿಕೊಳ್ಳಲು ಟೈಮೇ ಇರುವುದಿಲ್ಲ. ಕವರ್ ಇದ್ದರೆ ಒಳಗೆ ಶಾಫ್ಟ್ ತಿರುಗುತ್ತದೆ, ಹೊರಗಿನ ಕೊಳವೆ ನಿಂತೇ ಇರುತ್ತದೆ.

ಆದರೆ ಅದು ನಿಲ್ಲಬೇಕಾದರೆ ಕವರನ್ನು ತಿರುಗದಂತೆ ಹಿಡಿದು ಕಟ್ಟುವ ಚೈನು ಹಾಕಲೇಬೇಕು. ಎಷ್ಟೋ ಟ್ರ್ಯಾಕ್ಟರ್‌ಗಳಲ್ಲಿ ಕವರ್ ಇರುತ್ತದೆ, ಚೈನು ಸುಮ್ನೆ ನೇತಾಡುತ್ತಿರುತ್ತದೆ. ಆಗ ಕವರೂ ಶಾಫ್ಟ್ ಜೊತೆ ಸುತ್ತಬಹುದು. ಇಂಜಿನ್ ಆಫ್ ಮಾಡಿ, ಕೀ ತೆಗೆದು, ಚೈನು ಬಿಚ್ಚಿ ಕವರನ್ನು ಕೈಯಲ್ಲಿ ತಿರುಗಿಸಿ ನೋಡುತ್ತೇನೆ. ಸಲೀಸಾಗಿ ತಿರುಗಿದರೆ ಬೇರಿಂಗ್ ಸರಿ ಇದೆ. ಮತ್ತೆ ಚೈನು ಸಿಕ್ಕಿಸಿಯೇ ಕೆಲಸ ಶುರು.

ಬಾಳಿಕೆ ಒಂದೇ ತರ ಇಲ್ಲ. ಒಕ್ಕಣೆ ಮಿಷನ್ನಿನದು ಇನ್ನೂ ಗಟ್ಟಿಯಾಗಿದೆ. ರೋಟವೇಟರ್‌ನದರ ಬೇರಿಂಗ್‌ಗೆ ಗದ್ದೆಯ ಕೆಸರು ಹೋಗಿ ಒಣಗಿ ಬಿಗಿಯಾಗುತ್ತದೆ, ತೊಳೆದು ಗ್ರೀಸ್ ಹಚ್ಚುತ್ತಲೇ ಇರಬೇಕು. ಬಿಸಿಲಲ್ಲಿ ನಿಲ್ಲಿಸಿದ್ದಕ್ಕೆ ಶಾಫ್ಟಿನ ಜಾಯಿಂಟ್ ಮುಚ್ಚುವ ಕವರ್ ತುದಿಯ ಕೋನ್ ಬಣ್ಣ ಹೋಗಿ ಪೆಡಸಾಗಿದೆ. ಹಾಕಿಸುವಾಗ ಅಳತೆಯನ್ನೂ ನೋಡಬೇಕು. ಉದ್ದ ಜಾಸ್ತಿ ಇದ್ದರೆ ರೋಟವೇಟರ್ ಎತ್ತಿದಾಗ ಒಂದರೊಳಗೊಂದು ಜಾರುವ ಕವರಿನ ಎರಡು ಕೊಳವೆಗಳೂ ಒತ್ತಿಕೊಂಡು ಒಡೆಯುತ್ತವೆ.

ನನ್ನ ದೊಡ್ಡ ತಕರಾರು ಗ್ರೀಸಿನದು. ಶಾಫ್ಟಿನ ಜಾಯಿಂಟಿನಲ್ಲಿರುವ ಕ್ರಾಸ್‌ಗೆ ಗ್ರೀಸ್ ತುಂಬುವ ನಿಪ್ಪಲ್ ಕೋನ್ ಒಳಗೆ ಅಡಗಿದೆ, ಗ್ರೀಸ್ ಗನ್ ತಲುಪಿಸಲು ಕೋನ್ ಬಿಚ್ಚಬೇಕು. ಜನ ಕವರ್ ಕಿತ್ತು ಶೆಡ್ಡಿನ ಮೂಲೆಗೆ ಎಸೆಯುವುದು ಇದೇ ಬೇಸರಕ್ಕೆ. ರಿಪೇರಿಗೆ ಹೋದಾಗ ಮೆಕ್ಯಾನಿಕ್‌ಗಳೂ "ಇದ್ಯಾಕಣ್ಣ, ತೆಗೆದುಬಿಡಿ" ಅನ್ನುತ್ತಾರೆ. ಬೇಡ, ಮತ್ತೆ ಹಾಕಿಕೊಡಿ ಅಂತ ಅಲ್ಲೇ ನಿಂತು ಹಾಕಿಸಿಕೊಳ್ಳಿ. ಶಾಫ್ಟ್ ರಿಪೇರಿ ಮಾಡಿಸಬಹುದು, ಕೈ ಹೋದರೆ ಎಲ್ಲಿ ಮಾಡಿಸೋದು?

ರೋಟವೇಟರ್‌ನ ಕವರನ್ನು ಈ ಬೇಸಿಗೆಯಲ್ಲೇ ಬದಲಾಯಿಸುತ್ತೇನೆ. ಈ ಸಲ ಗ್ರೀಸ್ ಹೊಡೆಯಲು ಕೋನ್‌ನಲ್ಲಿ ಕಿಂಡಿ ಇರುವಂಥದ್ದನ್ನೇ ಕೇಳಿ ತರುತ್ತೇನೆ.