ಟ್ರೈಕೋಡರ್ಮಾನೋ ಮೈಕೊರೈಜಾನೋ? ಎರಡನ್ನೂ ಹಾಕಿ ನೋಡಿದೆ

ಎರಡೂ ಮಣ್ಣಿನ ಶಿಲೀಂಧ್ರಗಳೇ, ಎರಡೂ ಪುಡಿಯಾಗಿ ಸಿಗುತ್ತವೆ. ಯಾವುದೋ ಒಂದು ಹಾಕಿದರಾಯಿತು ಅಂದುಕೊಂಡಿದ್ದೆ. ಎರಡು ಬೆಳೆ ಟೊಮೆಟೊ, ಒಂದು ಬೆಳೆ ಎಲೆಕೋಸು ತೆಗೆಯುವಷ್ಟರಲ್ಲಿ ಆ ಭ್ರಮೆ ಬಿಟ್ಟಿತು.

ಸಸಿಮಡಿಯಲ್ಲಿ ಗೆದ್ದಿದ್ದು ಟ್ರೈಕೋಡರ್ಮಾ. ಮೊದಲೆಲ್ಲ ಸಸಿಗಳು ಬುಡ ಕೊಳೆತು ಮಲಗಿಬಿಡುತ್ತಿದ್ದವು. ಈ ಸಲ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಅದನ್ನು ಬೆರೆಸಿ, ನೆರಳಿನಲ್ಲಿ ತೇವ ಆರದಂತೆ ಎರಡು ವಾರ ಮುಚ್ಚಿಟ್ಟೆ. ಬಿಳಿ ಬೂಷ್ಟು ಹಸಿರಿಗೆ ತಿರುಗಿದ ಮೇಲೆ ಮಡಿಗೆ ಹಾಕಿದೆ. ಹಾಕದ ಮಡಿಯಲ್ಲಿ ಮೂರರಲ್ಲೊಂದು ಸಸಿ ಸತ್ತಿತು, ಇದರಲ್ಲಿ ಬೆರಳೆಣಿಕೆಯಷ್ಟು. ಟ್ರೈಕೋಡರ್ಮಾ ರೋಗದ ಶಿಲೀಂಧ್ರವನ್ನು ಸುತ್ತಿಕೊಂಡು, ಕಿಣ್ವ ಬಿಟ್ಟು ಅದನ್ನೇ ತಿನ್ನುತ್ತದೆ. 1932ರಲ್ಲೇ ವೈಂಡ್ಲಿಂಗ್ ಎಂಬ ವಿಜ್ಞಾನಿ ಇದು ಬೇರೆ ಶಿಲೀಂಧ್ರಗಳ ಮೇಲೆ ಬದುಕುವ ಪರಾವಲಂಬಿ ಎಂದು ತೋರಿಸಿದ್ದರು. ಒಂದೇ ಎಚ್ಚರಿಕೆ: ಅದೇ ಮಣ್ಣಿಗೆ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಸುರಿದರೆ ಇದೂ ಸಾಯುತ್ತದೆ.

ಮೈಕೊರೈಜಾ ಬೇರಿನೊಂದಿಗೆ ಕೂಡಿ ಬದುಕುವ ಶಿಲೀಂಧ್ರ, ಗಿಡದಿಂದ ಸಕ್ಕರೆ ಪಡೆದು ಬದಲಿಗೆ ಮಣ್ಣಿನ ರಂಜಕ ತಂದುಕೊಡುತ್ತದೆ. ಅದು ಮಡಿಯಲ್ಲಿ ಏನೂ ಮಾಡಿದಂತೆ ಕಾಣಲಿಲ್ಲ. ಮೊದಲ ಟೊಮೆಟೊ ಬೆಳೆಯಲ್ಲೂ ಅಷ್ಟೇ. ತಪ್ಪು ನನ್ನದೇ, ರಂಜಕ ಹೆಚ್ಚಿರುವ ಡಿಎಪಿ ಗೊಬ್ಬರ ಧಾರಾಳವಾಗಿ ಹಾಕಿದ್ದೆ. ರಂಜಕ ಕೈಗೆಟುಕುವಷ್ಟಿದ್ದರೆ ಗಿಡ ಸಕ್ಕರೆ ಖರ್ಚು ಮಾಡಿ ಈ ಶಿಲೀಂಧ್ರವನ್ನು ಯಾಕೆ ಸಾಕೀತು? ಎರಡನೇ ಬೆಳೆಗೆ ಡಿಎಪಿ ಹಾಕುವುದನ್ನು ಬಿಟ್ಟೆ, ಪುಡಿಯನ್ನು ನಾಟಿಯ ಗುಳಿಯಲ್ಲಿ ಬೇರಿಗೇ ತಾಗುವಂತೆ ಹಾಕಿದೆ. ತಿಂಗಳ ನಂತರ ನೀರು ತಡವಾದಾಗ ಪಕ್ಕದ ಸಾಲು ಮಧ್ಯಾಹ್ನಕ್ಕೇ ಜೋತುಬಿದ್ದರೆ ಇದು ಸಂಜೆಯವರೆಗೂ ನಿಂತಿತ್ತು. ರಂಜಕ ಮಣ್ಣಿನಲ್ಲಿ ತಾನಾಗಿ ಹೆಚ್ಚು ದೂರ ಹರಿದು ಬರುವುದಿಲ್ಲ. ಬೇರಿನ ಸುತ್ತ ಒಂದೆರಡು ಮಿಲಿಮೀಟರ್ ಖಾಲಿಯಾದರೆ ಮುಗಿಯಿತು. ಅದರಾಚೆಗೆ ಹೋಗಿ ತರುವುದು ಮೈಕೊರೈಜಾದ ದಾರದಂಥ ಎಳೆಗಳು. ಪದೇ ಪದೇ ಉತ್ತರೆ ಅವು ಹರಿದುಹೋಗುತ್ತವೆ, ಆದ್ದರಿಂದ ನಡುವೆ ಉಳುಮೆ ಕಡಿಮೆ ಮಾಡಿದೆ.

ಎಲೆಕೋಸಿಗೆ ಹಾಕಿದ್ದು ಮಾತ್ರ ಶುದ್ಧ ದಂಡ. ಕೋಸು, ಸಾಸಿವೆ ಜಾತಿಯ ಬೇರುಗಳು ಮೈಕೊರೈಜಾ ಜೊತೆ ಕೂಡುವುದೇ ಇಲ್ಲವೆಂದು ಆಮೇಲೆ ತಿಳಿಯಿತು. ಅಲ್ಲಿ ಟ್ರೈಕೋಡರ್ಮಾ ಒಂದೇ ಸಾಕು.

ಖರ್ಚಿನ ಲೆಕ್ಕದಲ್ಲೂ ಟ್ರೈಕೋಡರ್ಮಾ ಸಲೀಸು, ಗೊಬ್ಬರದಲ್ಲೇ ಹೆಚ್ಚುತ್ತದೆ. ಮೈಕೊರೈಜಾಕ್ಕೆ ಜೀವಂತ ಬೇರೇ ಬೇಕು. ಒಂದನ್ನೇ ಕೊಳ್ಳಬೇಕೆಂದರೆ ನಾನು ಕೊಳ್ಳುವುದು ಟ್ರೈಕೋಡರ್ಮಾ. ಮೈಕೊರೈಜಾವನ್ನು ಸದ್ಯ ಕುಂಡಗಳಲ್ಲಿ ಮೆಕ್ಕೆಜೋಳದ ಬೇರಿನ ಮೇಲೆ ಸಾಕುತ್ತಿದ್ದೇನೆ. ಆ ಬೇರು, ಮಣ್ಣು ಎರಡನ್ನೂ ಪುಡಿಮಾಡಿ ಮುಂದಿನ ನಾಟಿಗೆ ಹಾಕಬೇಕು.